ಸೀರೆ ಒಣಗದ ಊರಿನಲ್ಲಿ ಒಂದು ಮಣ್ಣಿನ ಗೋಡೆ

ಮಲಪನಗುಡಿ

ಆ ಮುಂಜಾನೆ ನಮ್ಮ ಅಂಗಳದಲ್ಲಿ ಇದ್ದವರು ಇಷ್ಟು ಮಂದಿ: ನಾನು, ನನ್ನ ನೆಗೆಣ್ಣಿ ನಾಗಮ್ಮಕ್ಕ, ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಅಗಿಯುತ್ತಿದ್ದ ನಮ್ಮ ಅತ್ತೆ, ಮತ್ತು ಮೊಣಕಾಲತನಕ ಪ್ಯಾಂಟು ಮಡಿಚಿ ಕೆಸರಿನಲ್ಲಿ ನಿಂತಿದ್ದ ಮೆಗ್ ಎಂಬ ವೇಲ್ಸ್ ದೇಶದ ಹೆಂಗಸು. ಆಕಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಣ್ಣಿನ ಗಿಲಾವಿನಲ್ಲಿ ಅರ್ಧ ಪಾಲು ಅದರದೇ.

ನಾಗಮ್ಮಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಈ ಮನೆಗೆ ಬಂದಾಗಿನಿಂದ ಅವಳ ಕೈಯಲ್ಲಿ ಮಣ್ಣು ಕಾಣದ ದಿನ ಇಲ್ಲ. ಊರಿನವರೆಲ್ಲ ಸಿಮೆಂಟಿಗೆ ತಿರುಗಿದ ಮೇಲೆ ಅವಳಿಗೆ ಕೆಲಸ ತಪ್ಪಿತು ಅಂದುಕೊಂಡೆವು. ಆಗ ಹಂಪಿಯ ಸುತ್ತ ಪ್ರವಾಸಿಗರಿಗೆಂದು ಕಟ್ಟಿದ ತಂಗುಮನೆಗಳವರು ಮಣ್ಣಿನ ಗೋಡೆಯೇ ಬೇಕು ಎಂದು ಹುಡುಕಿಕೊಂಡು ಬಂದರು. ನಾನು ಅಂಥದೇ ಒಂದು ತಂಗುಮನೆಯಲ್ಲಿ ಅಡುಗೆಗೆ ಇದ್ದವಳು. ಇಂಗ್ಲಿಷು ಕಲಿತದ್ದು ಅಲ್ಲೇ, ಒಲೆಯ ಮುಂದೆ. ಅಕ್ಕನ ಕೈ, ನನ್ನ ಬಾಯಿ, ಹೀಗೆ ನಮ್ಮ ಜೋಡಿ.

ಮೆಗ್ ಹಂಪಿಗೆ ಕಲ್ಲು ನೋಡಲು ಬಂದವಳು ಗೋಡೆ ನೋಡಿ ನಿಂತುಬಿಟ್ಟಳು. ದಿನಾ ಬಂದು ಸೆಗಣಿ ಕಲಸಿದಳು, ಭತ್ತದ ಹುಲ್ಲು ಕೊಚ್ಚಿದಳು. ಆ ಮುಂಜಾನೆ ಅಕ್ಕ ಅವಳಿಗೆ ಕಡೆಯ ಪಾಠ ಹೇಳುತ್ತಿದ್ದಳು. ಹಸಿ ಗೋಡೆಯ ಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು, ಬೇವಿನ ಟೊಂಗೆಯಿಂದ ನೀರು ಚಿಮುಕಿಸುತ್ತ, "ನೋಡವ್ವಾ, ಬಿಸ್ಲು ಅಂಬೋದು ಗ್ವಾಡಿಗೆ ವೈರಿ. ಜಲ್ದಿ ಒಣಗಿದ್ರ ಜಲ್ದಿ ಬಿರಿತೈತಿ. ಎಳೆ ಕೂಸಿಗೆ ಕಣ್ಣು ಬೀಳದಂಗ ಮುಚ್ತೀವಲ್ಲ, ಹಂಗ ಮುಚ್ಚಬೇಕು" ಎಂದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಮೆಗ್ ತಲೆಯಾಡಿಸಿದಳು. ಹೊಸಪೇಟೆಯ ಬಿಸಿಲಿನಲ್ಲಿ ಈ ಮಾತು ವೇದವಾಕ್ಯ. ಮುಂದೆ ಇದೇ ಮಾತು ನಮ್ಮ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಕೈ ತೊಳೆದುಕೊಂಡ ಮೇಲೆ ಮೆಗ್ ತನ್ನ ಕಷ್ಟ ಹೇಳಿದಳು. ಅವಳ ಗಂಡ ಹ್ಯೂನ ಮನೆ ಮಣ್ಣಿನದು, ಅಜ್ಜ ಮುತ್ತಜ್ಜಂದಿರ ಕಾಲದ್ದು. ನಡುವೆ ಯಾರೋ ಒಳಗೆ ಹೊರಗೆ ಸಿಮೆಂಟು ಬಳಿದರು. ನೀರು ಗೋಡೆಯೊಳಗೇ ಸಿಕ್ಕಿಕೊಂಡು, ಬೂಸು ಹಿಡಿದು, ಆ ಬೂಸು ಹ್ಯೂನ ಎದೆಗೆ ಇಳಿಯಿತು. ಉಸಿರಿಗೆ ಉಸಿರು ಸಾಲದು. ಸಿಮೆಂಟು ಕಿತ್ತು ಹಾಕಿ, ಗಂಡಹೆಂಡತಿ ಅಂಗಳದಲ್ಲಿ ಚಕ್ರದ ಮೇಲಿನ ತಗಡಿನ ಗೂಡಿನಲ್ಲಿ ಇದ್ದಾರೆ. ಇನ್ನೊಂದು ಚಳಿಗಾಲ ಆ ಗೂಡಿನಲ್ಲಿ ಕಳೆದರೆ ಹ್ಯೂ ಉಳಿಯುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಮನೆಯ ಅರ್ಧ ಪಾಲು ಹ್ಯೂನ ಅಣ್ಣ ಗ್ವಿಲಿಮ್‌ನದು. ಅವನು ಮಷಿನ್ ತಂದು ಎಲ್ಲಾ ಕೆಡವಿ ಹೊಸದಾಗಿ ಕಟ್ಟೋಣ ಅನ್ನುತ್ತಾನೆ. ಕಟ್ಟುವತನಕ ಹ್ಯೂ ಎಲ್ಲಿರಬೇಕು ಎಂದರೆ ಉತ್ತರ ಇಲ್ಲ. ಕಡೆಗೆ ಒಂದು ಮಾತಿಗೆ ಬಂದಿದ್ದರು. ಮುಂದಿನ ವರ್ಷ ಚಳಿಗೆ ಮುಂಚೆ ಕುರಿಗಳನ್ನು ಗುಡ್ಡದಿಂದ ಇಳಿಸುವ ದಿನದೊಳಗೆ ಮಣ್ಣಿನ ಗಿಲಾವು ನಿಂತು, ಗೋಡೆ ಒಣಗಿದರೆ ಮನೆ ಉಳಿಯುತ್ತದೆ. ಇಲ್ಲದಿದ್ದರೆ ಮಷಿನ್.

ಅತ್ತೆ ಎಲೆಯ ರಸ ಉಗುಳಿ ಬಂದು, "ಅಣ್ಣತಮ್ಮರ ಪಾಲಿನ ಗ್ವಾಡಿ ಅಂದ್ರ ಯಾವ ದೇಶಾದ್ರೂ ಒಂದs ಬಿಡು. ಕರೆದ್ರ ಹೋಗಿಬರ್ರಿ" ಎಂದಳು. ಮುಂದಿನ ಶ್ರಾವಣಕ್ಕೆ ಮೆಗ್ ಕರೆಸಿಕೊಂಡೇ ಬಿಟ್ಟಳು.

ದಾರಿ

ದಾರಿಯ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಕೂತು ಕೂತು ದಣಿಯುವುದೂ ಒಂದು ದಣಿವು ಎಂದು ಗೊತ್ತಾಯಿತು. ಭತ್ತ ನಾಟಿ ಮಾಡಿದ ದಿನವೂ ನನ್ನ ಸೊಂಟ ಹಾಗೆ ಸೆಟೆದಿರಲಿಲ್ಲ.

ಇಳಿದ ಕಡೆ ನಮ್ಮ ಚೀಲ ಬಿಚ್ಚಿಸಿದರು. ಶೇಂಗಾ ಚಟ್ನಿಪುಡಿ, ರೊಟ್ಟಿ ಎಲ್ಲ ದಾಟಿ ಸಾಹೇಬನ ಕೈ ತಳಕ್ಕೆ ಹೋಯಿತು. ಹೊರಬಂದದ್ದು ಹಳೆ ಸೀರೆಯಲ್ಲಿ ಸುತ್ತಿದ ಕುಳ್ಳು! ಸೆಗಣಿ ತಟ್ಟಿ ಒಣಗಿಸಿದ ನಮ್ಮ ಮನೆಯ ಕುಳ್ಳು. ನನಗೂ ಹೇಳದೆ ಅಕ್ಕ ಇಟ್ಟುಕೊಂಡಿದ್ದಳು.

"ಇದು ಏನು?" ಎಂದ ಸಾಹೇಬ.

"ಏನ್ ಕೇಳ್ತಾನ?" ಎಂದಳು ಅಕ್ಕ.

"ಏನದು ಅಂತಾನ."

"ಅಲ್ಲಿ ಆಕಳು ಏನ್ ತಿಂತಾವೋ ಏನೋ, ಹೆಪ್ಪಿಗೆ ಬೇಕಾಗ್ತೈತಿ ಅಂತ ತಂದೀನಿ ಅನ್ನು. ಸುಟ್ರ ವಿಭೂತಿ ಆಗ್ತೈತಿ, ಬಾಂಬ್ ಆಗಂಗಿಲ್ಲ ಅನ್ನು."

ಬಾಂಬ್ ಎಂಬ ಮಾತು ಎಲ್ಲ ಭಾಷೆಯಲ್ಲೂ ಒಂದೇ. ಅವನ ಮುಖ ಬಿಗಿಯಾಯಿತು. ಇನ್ನೊಬ್ಬನನ್ನು ಕರೆದ. ನಾನು ಕೈಮುಗಿದು, ಆಕಳು, ಗೋಡೆ, ಹ್ಯೂನ ಎದೆ ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಹಿಂದಿನ ಸಾಲು ಪೂರ್ತಿ ಬೇರೆ ಕಡೆ ಹೋಗಿತ್ತು. ಕಡೆಗೆ ರಬ್ಬರಿನ ಕೈಗವಸು ತೊಟ್ಟು, ಎರಡು ಬೆರಳಿನಲ್ಲಿ ಕುಳ್ಳನ್ನು ಎತ್ತಿ ಡಬ್ಬಿಗೆ ಹಾಕಿ, ನಮಗೇ "ಸಾರಿ" ಎಂದ.

ರೈಲಿನಲ್ಲಿ ಅಕ್ಕ ಖಾಲಿಯಾದ ಹಳೆ ಸೀರೆಯನ್ನು ಮಡಿಚುತ್ತ ಕೂತಳು. ಕಿಟಕಿಗೆ ಮಳೆ ಜಿನುಗುತ್ತಿತ್ತು. "ಕೇರಾಕ ಕುಂತಾಕಿ ಕೈಯಾಗಿನ ಮೊರ ಕಸ್ಕೊಂಡಂಗ ಆತು ನೋಡು" ಎಂದು ಕಣ್ಣು ಮುಚ್ಚಿದಳು.

ಹ್ಯೂನ ಮನೆ

ಸಂಡೂರಿನ ಗುಡ್ಡಗಳು ಮಳೆಗಾಲದಲ್ಲಿ ಹಸಿರಾಗುತ್ತವಲ್ಲ, ಅದಿರಿನ ಲಾರಿಗಳ ಕೆಂಪು ದೂಳು ಇಲ್ಲದಿದ್ದರೆ ಅವು ಹೇಗಿರುತ್ತಿದ್ದವೋ ಹಾಗಿತ್ತು ಆ ಊರು. ಗುಡ್ಡದ ಮೇಲೆಲ್ಲ ಕುರಿ. ಕುರಿ ಕಾಯುವವನು ಮಾತ್ರ ಇಲ್ಲ. ನಮ್ಮ ಕುರುಬರಾದರೆ ಹಿಂಡಿನ ಹಿಂದೆ ಕಂಬಳಿ ಹೊದ್ದು ನಡೆಯಬೇಕು. ಇಲ್ಲಿ ಕುರಿಯೇ ಕಂಬಳಿ ಹೊದ್ದು ನಡೆಯುತ್ತದೆ, ಕುರುಬ ಟ್ರ್ಯಾಕ್ಟರಿನಲ್ಲಿ ಬಂದು ನೋಡಿಹೋಗುತ್ತಾನೆ.

ಜನ ಒಳ್ಳೆಯವರು. ನಾವು ಅವರ ಕಾಲು ತುಳಿದರೂ ಅವರೇ "ಸಾರಿ" ಅನ್ನುತ್ತಾರೆ. ತಮ್ಮೊಳಗೆ ತಮ್ಮದೇ ಭಾಷೆ, ನಮ್ಮ ಕಡೆ ತಿರುಗಿದರೆ ಇಂಗ್ಲಿಷು. ಕಂಪ್ಲಿಯ ಸಂತೆಯಲ್ಲಿ ತೆಲುಗಿನಲ್ಲಿ ಜಗಳ ಶುರುಮಾಡಿ ಕನ್ನಡದಲ್ಲಿ ರಾಜಿಯಾಗುವವರನ್ನು ಕಂಡ ನನಗೆ ಅದೇನು ಹೊಸದಾಗಿ ಕಾಣಲಿಲ್ಲ. ಅವರ ಮಾತು ನನ್ನ ಕಿವಿಗೆ ಬೀಳುವಾಗಲೇ ನಮ್ಮೂರ ಮಾತಾಗಿ ಬೀಳುತ್ತಿತ್ತು. ಇಲ್ಲಿ ಹಾಗೇ ಬರೆಯುತ್ತೇನೆ, ತಪ್ಪು ತಿಳಿಯಬೇಡಿ.

ಹ್ಯೂ ಉದ್ದ ಆಳು, ಗಾಳಿಗೆ ಬಾಗಿದ ಜೋಳದ ದಂಟಿನಂತೆ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ನಮಗೆ ಮನೆ ತೋರಿಸಿದ. ಮೂರು ದಿಕ್ಕಿನ ಗೋಡೆಗಳು ಪರವಾಗಿಲ್ಲ. ಉತ್ತರದ ಗೋಡೆಗೆ ಬಿಸಿಲು ಎಂದರೇನೆಂದೇ ಗೊತ್ತಿಲ್ಲ. ಮಲಗುವ ಕೋಣೆ ಅದರ ಮಗ್ಗುಲಿಗೆ. ಗೋಡೆಯಲ್ಲಿ ಒಂದು ಸಣ್ಣ ಕಿಟಕಿ, ಕಿಟಕಿಯ ಕೆಳಗೆ ಖಾಲಿ ನೆಲ.

"ಇಲ್ಲಿ ಅಪ್ಪನ ಕಬ್ಬಿಣದ ಮಂಚ ಇತ್ತು," ಎಂದ ಹ್ಯೂ. "ನಾನು ಹುಟ್ಟಿದ್ದು ಅದರ ಮ್ಯಾಲೆ. ಗ್ವಿಲಿಮ್‌ನೂ ಅದರ ಮ್ಯಾಲೇನೇ." ಉಸಿರು ತೆಗೆದುಕೊಂಡ. "ಪಾಲಿನಾಗ ಅವನಿಗೆ ಹೋತು."

ಆಗಲೇ ಬೇಲಿಯ ಆಚೆ ಟ್ರ್ಯಾಕ್ಟರು ನಿಂತಿತು. ಗ್ವಿಲಿಮ್. ಚಪ್ಪಟೆ ಟೋಪಿ, ಕೆಂಪು ಮುಖ. ಇಳಿಯಲಿಲ್ಲ. ನಮ್ಮ ಸೀರೆಗಳನ್ನು, ಸೀರೆಯ ಕೆಳಗೆ ಮೆಗ್ ಕೊಟ್ಟಿದ್ದ ರಬ್ಬರಿನ ಬೂಟುಗಳನ್ನು ನೋಡಿದ.

"ಇಷ್ಟು ದೂರದಿಂದ ಕರೆಸಿದ್ದು ಇವರನ್ನs ಏನು?" ಎಂದು ಮೆಗ್‌ಳನ್ನು ಕೇಳಿ, ಗುಡ್ಡದ ಕಡೆ ಕೈಮಾಡಿ ಹೊರಟುಹೋದ. ಕುರಿ ಇಳಿಯುವ ದಿನ ನೆನಪಿರಲಿ ಎಂದು ಅದರ ಅರ್ಥ.

ಲದ್ದಿ

ಮಣ್ಣು ಮನೆಯ ಹಿಂದೆಯೇ ಇತ್ತು. ಅಕ್ಕ ಒಂದು ಚಿಟಿಕೆ ಹಲ್ಲಿನಲ್ಲಿ ಕಡಿದು ನೋಡಿದಳು. ಕಂಪ್ಲಿಯ ಎರೆಮಣ್ಣಿನ ಹಾಗೆ ಬಿರಿಯುವುದಲ್ಲ, ಸಂಡೂರಿನ ಕೆಮ್ಮಣ್ಣಿನ ಹಾಗೆ ಉದುರುವುದೂ ಅಲ್ಲ, ಚಲೋ ಐತಿ ಎಂದಳು. ತೊಡಕಾದದ್ದು ಸೆಗಣಿಯಲ್ಲಿ. ಅಲ್ಲಿಯ ಹಸುಗಳು ಹುಳಿಬರಿಸಿದ ಮೇವು ತಿಂದು, ಹಿಟ್ಟು ತಿಂದು, ನೀರುನೀರಾಗಿ ಹಾಕುತ್ತವೆ. ಬುಟ್ಟಿಯಲ್ಲಿ ನಿಲ್ಲದ ಸೆಗಣಿಯನ್ನು ನಾನು ಹುಟ್ಟಿದಾರಭ್ಯ ನೋಡಿರಲಿಲ್ಲ. ಅದರಲ್ಲಿ ನಾರೇ ಇಲ್ಲ. ಗೋಡೆಯ ಮೂಲೆಯಲ್ಲಿ ಒಂದು ಮೊರದಗಲ ಮೆತ್ತಿ ನೋಡಿದೆವು. ಮರುದಿನ ನೋಡಿದರೆ ಎಲ್ಲ ಜಾರಿ ನೆಲಕ್ಕೆ ಬಿದ್ದಿತ್ತು.

ಮೆಗ್ ಮೆಲ್ಲಗೆ, ಪಕ್ಕದವರ ಕುದುರೆ ಇದೆ, ಅದರ ಲದ್ದಿಯಲ್ಲಿ ನಾರು ಬೇಕಾದಷ್ಟಿದೆ ಎಂದಳು.

"ಏನಂತಾಳ?"

"ಕುದುರಿ ಲದ್ದಿ ಹಾಕೋಣ ಅಂತಾಳ."

"ಗ್ವಾಡಿಗೆ? ಮಲಗೋ ಮನಿ ಗ್ವಾಡಿಗೆ?" ಅಕ್ಕ ಕೈಯಲ್ಲಿದ್ದ ಮಣ್ಣು ಒಗೆದಳು. "ಬುದ್ಧಿ ಇಲ್ಲದಾವಗ ತಲ್ಯಾಗ ಲದ್ದಿ ಐತಿ ಅಂತ ಬೈತೀವಿ. ಈಗ ಮನಿಗೂ ತುಂಬಾಣೇನು? ಸೆಗಣಿ ಅಂದ್ರ ಲಕ್ಷ್ಮಿ. ಲದ್ದಿ ಅಂದ್ರ ಲದ್ದಿ. ನಾ ಮುಟ್ಟಂಗಿಲ್ಲ."

ಅದನ್ನು ಇಂಗ್ಲಿಷಿಗೆ ಹೇಗೆ ಹೇಳಲಿ? "ಆಕೆಗೆ ಸೊಂಟ ನೋವು" ಎಂದೆ. ಆ ದಿನವೆಲ್ಲ ಅಕ್ಕ ಗೂಡಿನೊಳಗೆ ಕಂಬಳಿ ಹೊದ್ದು ಕೂತಳು. ಹೊರಗೆ ತುಂತುರು. ನಮಗೂ ಹ್ಯೂ ದಂಪತಿಗೂ ನಡುವೆ ಒಂದು ತೆಳ್ಳನೆಯ ಹಲಗೆ. ಮಧ್ಯಾಹ್ನ ಹ್ಯೂ ಮಲಗಿದವನು ಕೆಮ್ಮಲು ಹತ್ತಿದ. ಕೆಮ್ಮು ನಿಂತರೆ ಉಸಿರು ಎಳೆಯುವ ಸದ್ದು, ಬತ್ತಿದ ಬಾವಿಯ ಗಡಗಡಿಯ ಹಾಗೆ. ನಾವಿಬ್ಬರೂ ಹಲಗೆ ನೋಡುತ್ತ ಕೂತೆವು. ಕಡೆಗೆ ಅಕ್ಕ ಎದ್ದು ಬೂಟು ಹಾಕಿಕೊಂಡಳು.

"ಬುಟ್ಟಿ ಎಲ್ಲೈತಿ?"

ಕುದುರೆ ನಮಗಿಂತ ಎತ್ತರ, ಕಾಲಿಗೆಲ್ಲ ಉದ್ದ ಕೂದಲು. ಅದರ ಮುಂದೆ ನಿಂತು ಅಕ್ಕ ಸೆರಗು ಸರಿಮಾಡಿಕೊಂಡಳು. "ನೀನೂ ಹುಲ್ಲs ತಿಂತಿ, ನಮ್ಮ ಆಕಳವ್ವನೂ ಹುಲ್ಲs ತಿಂತಾಳ. ಏನ್ ಮಾಡ್ತಿ ಮಾರಾಯಾ, ನಡಿ" ಎಂದು ಬುಟ್ಟಿ ತುಂಬಿದಳು. ಕಲಸುವಾಗ ಮಾತ್ರ ಹಸುವಿನ ಸೆಗಣಿ ಒಂದು ಹಿಡಿ ತಂದು ನಡುವೆ ಹಾಕಿದಳು. "ಹಾಲಿಗೆ ಹೆಪ್ಪು ಹಾಕಿದಂಗ. ಇನ್ನ ಎಲ್ಲಾ ಸೆಗಣಿನೇ ಆತು, ಯಾರೂ ಮಾತಾಡಬ್ಯಾಡ್ರಿ."

ತುಳಿದ ದಿನಗಳು

ಮಣ್ಣು, ಹುಲ್ಲು, ಲದ್ದಿ ಹಾಕಿ ತುಳಿಯುವುದು ನಮ್ಮಲ್ಲಿ ಸುಖದ ಕೆಲಸ. ಬಿಸಿಲಿಗೆ ಕೆಸರು ಬೆಚ್ಚಗಿರುತ್ತದೆ. ಅಲ್ಲಿ ತುಳಿಯುವುದೆಂದರೆ ಬರ್ಫದಲ್ಲಿ ಕಾಲಿಟ್ಟಂತೆ. ಮೊದಲು ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲು ನನ್ನದೋ ಮೆಗ್‌ಳದೋ ತಿಳಿಯದ ಹಾಗಾಯಿತು. ಮುಂಜಾನೆಗೆ ಓಟ್ಸ್ ಗಂಜಿ, ಸಂಜೆಗೆ ಆಲೂಗಡ್ಡೆ. ತಂದಿದ್ದ ಚಟ್ನಿಪುಡಿಯನ್ನು ನಾವಿಬ್ಬರೂ ಔಷಧಿಯ ಹಾಗೆ ನೆಕ್ಕಿದೆವು. ಅಕ್ಕನ ಭುಜ ಹಿಡಿದುಕೊಂಡಿತು. ಎಡಗೈಯಿಂದ ಬಲಗೈ ಎತ್ತಿ ಗೋಡೆಗೆ ಮೆತ್ತಿದಳು. ನಾನು ಏಣಿಯ ಮೇಲೆ ನಿದ್ದೆ ಹೋಗಿ, ಬೀಳದೆ ಉಳಿದದ್ದು ತಲೆ ಹಸಿ ಗೋಡೆಗೆ ಅಂಟಿಕೊಂಡದ್ದರಿಂದ. ಆ ತಲೆಯ ಗುರುತನ್ನು ಅಕ್ಕ ಬೈಯುತ್ತ ಸವರಿದಳು.

ಪೂರ್ತಿ ಮೆತ್ತಿ ಮುಗಿದ ದಿನ ಉತ್ತರದ ಗೋಡೆ ಒಂದು ಬಿರುಕಿಲ್ಲದೆ, ಬೆಣ್ಣೆ ಸವರಿದ ರೊಟ್ಟಿಯ ಹಾಗೆ ಇತ್ತು. ಲದ್ದಿಯ ನಾರು ಅಲ್ಲಲ್ಲಿ ಬಂಗಾರದ ಎಳೆಯಂತೆ ಹೊಳೆಯಿತು. ಹ್ಯೂ ಬಂದು ಬಾಗಿಲಲ್ಲಿ ನಿಂತು ನೋಡಿದ. ಟೋಪಿ ತೆಗೆದ.

ನಾವು ನಮ್ಮ ಪದ್ಧತಿಯ ಹಾಗೆ ಒದ್ದೆ ಗೋಣಿತಾಟು ಇಳಿಬಿಟ್ಟೆವು. ಬೇವಿನ ಟೊಂಗೆ ಸಿಗದೆ ಯಾವುದೋ ಗಿಡದ ಟೊಂಗೆ ತಂದು, ದಿನಕ್ಕೆ ಮೂರು ಹೊತ್ತು ತಾಟು ಎತ್ತದೆ ಮೇಲಿಂದಲೇ ನೀರು ಚಿಮುಕಿಸಿದೆವು. ಮೆಗ್ ಕಲಿತ ಪಾಠ ಮರೆಯದೆ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದಳು. ಒಳಗೆ ಬಿಸಿಲು ಬರಬಾರದಲ್ಲ! ಆ ಊರಿನಲ್ಲಿ ಬಿಸಿಲು ಎಲ್ಲಿತ್ತು ಎಂದು ಮೂವರು ಹೆಂಗಸರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ. ಮಲಪನಗುಡಿಯ ಸೂರ್ಯನನ್ನು ನಾವು ತಲೆಯೊಳಗೆ ಹೊತ್ತುಕೊಂಡು ಬಂದಿದ್ದೆವು.

ಗ್ವಿಲಿಮ್ ಬಂದ ದಿನ

ಅವನು ಹೇಳದೆ ಕೇಳದೆ ಬಂದ. ಈ ಸಲ ಟ್ರ್ಯಾಕ್ಟರಿನಿಂದ ಇಳಿದ. ಹ್ಯೂ ಹಿಂದೆ ನಿಂತ. ಗ್ವಿಲಿಮ್ ಒಂದು ಗೋಣಿತಾಟು ಹಿಡಿದು ಪಕ್ಕಕ್ಕೆ ಸರಿಸಿದ.

ಗೋಡೆಯ ಮೇಲೆ ಬೆರಳುದ್ದ ಹಸಿರು. ಕಿಟಕಿಯ ಕೆಳಗಿನಿಂದ ನೆಲದವರೆಗೆ, ದಟ್ಟವಾಗಿ, ಎಳೆಎಳೆಯಾಗಿ ಸಸಿ! ಸಂದಿಯಲ್ಲಿ ಅಲ್ಲಲ್ಲಿ ಬಿಳಿ ಬೂಸು. ಹಸು ಮೆಲುಕು ಹಾಕಿ ಕಾಳನ್ನೆಲ್ಲ ಅರೆದುಬಿಡುತ್ತದೆ. ಕುದುರೆ ತಿಂದ ಓಟ್ಸ್ ಕಾಳಿನಲ್ಲಿ ಎಷ್ಟೋ ಇಡಿಯಾಗಿಯೇ ಹೊರಬರುತ್ತದೆ. ನಾವು ಅದನ್ನು ಗೋಡೆಗೆ ಬಿತ್ತಿ, ದಿನಾ ಮೂರು ಹೊತ್ತು ನೀರುಣಿಸಿದ್ದೆವು.

ಗ್ವಿಲಿಮ್ ಅಂಗೈ ಇಟ್ಟು ನೋಡಿದ. ಕೈ ಒದ್ದೆಯಾಯಿತು. "ಇದಕ್ಕ ಗ್ವಾಡಿ ಅಂತೀರೋ ಹೊಲ ಅಂತೀರೋ?" ಎಂದ. "ಗುಡ್ಡದಾಗಿನ ಕುರಿ ಇಲ್ಲಿಗೇ ಇಳಸ್ಲೇನು, ಮೇಯಾಕ?"

ಮೆಗ್ ಇನ್ನೊಂದು ಗೋಣಿತಾಟು ಸರಿಸಿ ನೋಡಿದಳು. ಹ್ಯೂ ಗೋಡೆ ಹಿಡಿಯಲು ಹೋಗಿ, ಹಸಿ ಎಂದು ಕೈ ಹಿಂದಕ್ಕೆ ತೆಗೆದುಕೊಂಡ. ನನ್ನ ನಾಲಿಗೆ ಒಣಗಿತು. ಆ ಮನೆಯಲ್ಲಿ ಒಣಗಿದ್ದು ಅದೊಂದೇ.

ಅಕ್ಕನಿಗೆ ಅವನ ಮಾತು ತಿಳಿಯಲಿಲ್ಲ. ಅವಳು ಸಸಿ ನೋಡಿದಳು. ಎರಡೂ ಕೈ ಎತ್ತಿ ಮುಗಿದಳು. "ಶಾಂತಾ, ಇವರಿಗೆ ಹೇಳು. ನಾವು ಮಾರ್ನಮಿ ಹಬ್ಬಕ್ಕ ಬುಟ್ಟ್ಯಾಗ ಮಣ್ಣು ಹಾಕಿ, ಕಾಳು ಚೆಲ್ಲಿ, ದೇವ್ರ ಮುಂದ ಇಟ್ಟು ಸಸಿ ಬರಸ್ತೀವಿ. ದಟ್ಟ ಬಂದ್ರ ಮನಿ ಚಲೋ ಆಗ್ತೈತಿ. ಇಲ್ಲಿ ಕೇಳದs ಬಂದೈತಿ ಅನ್ನು."

ಹೇಳಿದೆ. ಗ್ವಿಲಿಮ್ ನನ್ನನ್ನೂ ಅವಳನ್ನೂ ನೋಡಿದ. "ಬಂದ ಮ್ಯಾಲೆ ಅದನ್ನ ಏನ್ ಮಾಡ್ತೀರಿ? ಕೊಯ್ತೀರೇನು?"

ನಾನು ಉತ್ತರ ಕೊಡುವುದರೊಳಗೆ ಅಕ್ಕ ನಾಲ್ಕು ಎಳೆ ಚಿವುಟಿ, ಮುಂದೆ ಹೋಗಿ, ಅವನ ಟೋಪಿಯ ಅಂಚಿಗೆ ಸಿಕ್ಕಿಸಿಬಿಟ್ಟಳು. "ನಮ್ಮ ಗಂಡಸರು ರುಮಾಲಿಗೆ ಸಿಗಸ್ಕೊಂತಾರ. ಹಿರಿ ಮಗ ಅಲ್ಲೇನು, ಇವಗs ಮೊದಲು."

ಗ್ವಿಲಿಮ್‌ನ ಮುಖ ಇನ್ನಷ್ಟು ಕೆಂಪಾಯಿತು. ಕೈ ಟೋಪಿಯವರೆಗೆ ಹೋಗಿ ಅರ್ಧದಲ್ಲಿ ನಿಂತಿತು. "ಕುರಿ ಇಳಿಯೋ ದಿನ ಬರ್ತೀನಿ," ಎಂದ ತಮ್ಮನಿಗೆ. "ಆವತ್ತು ಕೈಗೆ ಒದ್ದಿ ಹತ್ತಿದ್ರ ಮಷಿನ್." ಟ್ರ್ಯಾಕ್ಟರು ಗುಡ್ಡದ ತಿರುವು ದಾಟುವತನಕ ನಾನು ನೋಡುತ್ತಿದ್ದೆ. ಸಸಿ ಟೋಪಿಯಲ್ಲೇ ಇತ್ತು.

ಸೀರೆ

ಅವನು ಹೋದ ಮೇಲೆ ಯಾರಿಗೂ ಯಾರ ಮುಖ ನೋಡುವ ಮನಸ್ಸಿರಲಿಲ್ಲ. ಅಕ್ಕ ಗೂಡಿನ ಹಿಂದೆ ತಂತಿಯ ಮೇಲೆ ಹಾಕಿದ್ದ ತನ್ನ ಸೀರೆ ತರಲು ಹೋದಳು. ಆ ಸೀರೆ ಒಗೆದು ಯಾವ ಕಾಲವಾಗಿತ್ತೋ. ಮುಂಜಾನೆ ಹಾಕುವುದು, ಮಳೆ ಬಂದರೆ ತೆಗೆಯುವುದು, ಮತ್ತೆ ಹಾಕುವುದು. ನಮ್ಮಲ್ಲಿ ಅನ್ನಕ್ಕೆ ಎಸರಿಟ್ಟು ಬಂದು ನೋಡಿದರೆ ಗರಿಗರಿ ಆಗಿರುತ್ತದೆ. ಇಲ್ಲಿ ನಾವು ಹಸಿ ಸೀರೆಯನ್ನೇ ಮೈಮೇಲೆ ಒಣಗಿಸಿಕೊಂಡು ಓಡಾಡುತ್ತಿದ್ದೆವು. ನನ್ನ ಕೀಲುಕೀಲಿನಲ್ಲಿ ನೀರು ನಿಂತಂತೆ ಅನಿಸುತ್ತಿತ್ತು.

ಅಕ್ಕ ಸೀರೆಯ ಅಂಚು ಹಿಂಡಿದಳು. ಹನಿ ಬಿತ್ತು. ಮತ್ತೆ ಹಿಂಡಿದಳು, ಮತ್ತೆ ಹನಿ. ಆಮೇಲೆ ಹಣೆಗೆ ಪಟ್ಟೆಂದು ಹೊಡೆದುಕೊಂಡಳು.

"ಶಾಂತಾ! ಸೀರಿ ಒಣಗವಲ್ದು!"

"ಗೊತ್ತೈತಿ ಅಕ್ಕಾ. ಬಂದಾಗಿಂದ ಒಣಗವಲ್ದು."

"ಅಲ್ಲs ಹುಚ್ಚಿ, ಇಂಥಾ ತೆಳ್ಳನ ಸೀರಿ ಗಾಳ್ಯಾಗ ಒಣಗಂಗಿಲ್ಲ ಅಂದ್ರ ಗ್ವಾಡಿ ಹ್ಯಾಂಗ ಒಣಗತೈತಿ? ಅದಕ್ಕ ನಾವು ಮ್ಯಾಲೆ ನೀರು ಬ್ಯಾರೆ ಹೊಡಿಯಾಕ ಹತ್ತೀವಿ! ಇಲ್ಲಿ ಬಿಸ್ಲಲ್ಲ ವೈರಿ. ನಾವs!"

ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಮೆಗ್‌ಗೆ ಹೇಳಿದೆ. ಅವಳು ಕೆಸರಿನಲ್ಲೇ ಕೂತುಬಿಟ್ಟಳು. ಬಾಗಿಲಲ್ಲಿದ್ದ ಹ್ಯೂ, "ನೀವು ನೀರು ಹೊಡಿಯೋದು ನೋಡಿ ನನಗೂ ಅನಿಸಿತ್ತು," ಎಂದು ಉಸಿರು ತೆಗೆದುಕೊಂಡು, "ಆದ್ರ ನೀವು ಅಷ್ಟು ದೂರದಿಂದ ಬಂದವರು, ಹೆಂಗ ಹೇಳೋದು ಅಂತ..." ಎಂದ. ಮರ್ಯಾದೆಗೂ ಒಂದು ಮಿತಿ ಬೇಡವೇ?

ಬಾಣಂತಿ ಗೋಡೆ

ಗೋಣಿತಾಟು ಕಿತ್ತು ಒಗೆದೆವು. ಕಿಟಕಿ ಬಾಗಿಲು ತೆಗೆದೆವು. ಬೂಸು ಕೆರೆದು ತೆಗೆದೆವು. ಸಸಿಯನ್ನು ಕೀಳಲು ಅಕ್ಕ ಬಿಡಲಿಲ್ಲ. ಅದು ನೀರು ಕುಡಿದು ತಾನೇ ಬಾಡುತ್ತದೆ ಎಂದಳು. ಕೋಣೆಯ ಹಳೆ ಒಲೆಗೂಡಿನಲ್ಲಿ ಬೆಂಕಿ ಮಾಡಿದೆವು. ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ತುಂಬಿ ಗೋಡೆಯ ಬುಡದಲ್ಲಿ ಇಟ್ಟು, ಇಲ್ಲಿಂದ ಅಲ್ಲಿಗೆ ಸರಿಸುತ್ತ ಹೋದೆವು. ಹೊಗೆ ಕುಡಿಯಬಾರದು ಎಂದು ಹ್ಯೂನನ್ನು ಹತ್ತಿರ ಬಿಡಲಿಲ್ಲ.

"ಊರಾಗ ಗ್ವಾಡಿ ಎಳೆ ಕೂಸಾಗಿತ್ತು," ಎಂದಳು ಅಕ್ಕ, ಬೀಸಣಿಗೆ ಬೀಸುತ್ತ. "ಇಲ್ಲಿ ಬಾಣಂತಿ. ಬೆಚ್ಚಗಿರಬೇಕು, ಗಾಳಿನೂ ಆಡಬೇಕು."

ಬಾಣಂತಿಯ ಸೇವೆ ಮಾಡಿದವರಿಗೆ ಆ ದಣಿವು ಗೊತ್ತು. ಎದ್ದರೆ ಕೆಂಡ, ಕೂತರೆ ಕೆಂಡ. ಕಣ್ಣು ಉರಿದು ಗುಲಗಂಜಿಯಾದವು. ಗೋಡೆಯ ಮೇಲ್ಭಾಗ ಮೊದಲು ಬಣ್ಣ ತಿರುಗಿತು, ಹಸಿ ಕಂದು ಹೋಗಿ ಒಣ ಬಿಸ್ಕತ್ತಿನ ಬಣ್ಣ. ಒಂದು ಬಿರುಕು ಬರಲಿಲ್ಲ. ಸಸಿಗಳು ಒಂದೊಂದಾಗಿ ಹಳದಿಯಾಗಿ ಬಾಗಿದವು. ಆದರೆ ಕಿಟಕಿಯ ಕೆಳಗೆ, ಆ ಮಂಚದ ಜಾಗದ ಹಿಂದೆ, ಕಪ್ಪು ಹಸಿ ಹಾಗೇ ಉಳಿದಿತ್ತು. ದಿನಾ ಅಕ್ಕ ಅಲ್ಲಿ ಅಂಗೈ ಇಡುತ್ತಿದ್ದಳು, ತೆಗೆದು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ನಾವು ಅಲ್ಲಿ ಇರಬಹುದಾದ ಅವಧಿ ಮುಗಿಯಿತು. ಕುರಿಗಳು ಇನ್ನೂ ಗುಡ್ಡದ ಮೇಲಿದ್ದವು. ಹೊರಡುವ ಮುಂಜಾನೆ ಅಕ್ಕ ಕಡೆಯ ಸಲ ಕೈ ಇಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಬೂಟು ಬಿಚ್ಚಿಟ್ಟಳು. ಹ್ಯೂ ನಮ್ಮ ಚೀಲ ಹೊರಲು ಬಂದ. ನಾವು ಬಿಡಲಿಲ್ಲ. ನಡುವೆ ಸ್ವಲ್ಪ ಜಗ್ಗಾಟವಾಗಿ ಅವನಿಗೆ ಕೆಮ್ಮು ಬಂತು. ಮೆಗ್ ಬೀಸಣಿಗೆ ಹಿಡಿದುಕೊಂಡೇ ನಮ್ಮನ್ನು ತಬ್ಬಿಕೊಂಡಳು. ಕೆಂಡ ಆರಬಾರದಲ್ಲ.

ವಿಮಾನದಲ್ಲಿ ಅಕ್ಕ ನಿದ್ದೆಯಲ್ಲಿಯೂ ಕೈ ಬೀಸುತ್ತಿದ್ದಳು.

ಮತ್ತೆ ಮಲಪನಗುಡಿ

ಮನೆಗೆ ಬಂದು ಸೀರೆ ಒಗೆದು ಹಾಕಿದೆವು. ಕಣ್ಣು ಮಿಟುಕಿಸುವುದರಲ್ಲಿ ಒಣಗಿತು. ಅಕ್ಕ ಅದನ್ನು ಮೂಗಿಗೆ ಹಿಡಿದು ಬಿಸಿಲಿನ ವಾಸನೆ ನೋಡಿ, ಮಡಿಚಿಟ್ಟಳು. ಮೈಕೈ ನೋವು ಮಾತ್ರ ಇಳಿಯಲಿಲ್ಲ. "ಹೆಂಗಿತ್ತು ಫಾರಿನ್?" ಎಂದು ಕೇಳಿದವರಿಗೆಲ್ಲ "ಹಸಿ" ಎಂದಳು. ಮಾರ್ನಮಿಗೆ ಬುಟ್ಟಿಯಲ್ಲಿ ಸಸಿ ಬಂದಾಗ ಅವಳು ಬಹಳ ಹೊತ್ತು ಅದರ ಮುಂದೆ ಕೂತಿದ್ದಳು.

ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ಮೆಗ್‌ಳ ಫೋನು ಬಂತು. ಪಡಸಾಲೆಯಲ್ಲಿ ಅತ್ತೆ, ಅಕ್ಕ, ನಾನು. ಎಲ್ಲರಿಗೂ ಕೇಳುವ ಹಾಗೆ ಫೋನನ್ನು ನಡುವೆ ಇಟ್ಟುಕೊಂಡೆ.

ಹಿಂದಿನ ದಿನ ಕುರಿ ಇಳಿಸಿದರಂತೆ. ಈ ಮುಂಜಾನೆ ಗ್ವಿಲಿಮ್ ಬಂದು, ಕಿಟಕಿಯ ಕೆಳಗೆ ಅಂಗೈ ಇಟ್ಟನಂತೆ. ಅಂಗೈ ತಿರುಗಿಸಿ ನೋಡಿದನಂತೆ. ಆಮೇಲೆ ಬಗ್ಗಿ ಕೆನ್ನೆ ಇಟ್ಟನಂತೆ. ಟ್ರ್ಯಾಕ್ಟರು ಹತ್ತಿ ಹೊರಟುಹೋದನಂತೆ. ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರಿನ ಸದ್ದು ಕೇಳಿ ಮೆಗ್, ಮಷಿನ್ನೇ ಬಂತು ಎಂದು ಹ್ಯೂನ ಕೈ ಹಿಡಿದುಕೊಂಡಳಂತೆ. ಟ್ರ್ಯಾಕ್ಟರಿನ ಹಿಂದೆ ಅಪ್ಪನ ಕಬ್ಬಿಣದ ಮಂಚ ಇತ್ತು. ಈಗ ತಾನೇ ತಂದು ಕೋಣೆಯಲ್ಲಿ ಹಾಕಿದ್ದಾನೆ, ಇನ್ನೂ ಇಲ್ಲೇ ಇದ್ದಾನೆ, ಚಾ ಕುಡಿಯುತ್ತಿದ್ದಾನೆ ಎಂದಳು ಮೆಗ್.

ನಾನು ಹೇಳುತ್ತ ಹೋದೆ. ಅತ್ತೆ ಕಣ್ಣೊರೆಸಿಕೊಂಡಳು. ಅಕ್ಕ ಮಾತ್ರ ಹುಬ್ಬು ಗಂಟಿಕ್ಕಿದಳು.

"ಮಂಚದ ತಲಿ ಯಾವ ಕಡಿ ಐತಿ ಕೇಳು."

ಕೇಳಿದೆ. "ಗೋಡೆ ಕಡೆಗೆ. ಕಿಟಕಿ ಕೆಳಗೆ. ಮೊದಲಿದ್ದ ಹಾಗೇ" ಎಂದಳು ಮೆಗ್.

"ಅಯ್ಯಯ್ಯ! ಅದು ಉತ್ತರದ ಗ್ವಾಡಿ! ಕೆಂಡ ಹೊತ್ತು ಒಣಗಿಸಿದಾಕಿ ನಾನು, ನನಗ ಗೊತ್ತಿಲ್ಲೇನು? ಉತ್ತರಕ್ಕ ತಲಿ ಹಾಕಿ ಯಾರರ ಮಲಗ್ತಾರೇನು? ಅದಕ್ಕs ಅವಗ ಮೈಯಾಗ ಆರಾಮ ಇಲ್ಲ. ತಿರುಗಿಸ್ರಿ ಅನ್ನು, ಈಗಿಂದೀಗ!"

ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ತಮ್ಮ ಭಾಷೆಯಲ್ಲಿ ಏನೋ ಮಾತಾಯಿತು. ಗ್ವಿಲಿಮ್‌ನ ಗೊಣಗಾಟ ಕೇಳಿಸಿತು, ಹ್ಯೂ ನಕ್ಕದ್ದು ಕೇಳಿಸಿತು. ಆಮೇಲೆ ಲೋಟ ಕೆಳಗಿಟ್ಟ ಸದ್ದು. ಅಣ್ಣ ಒಂದು ತುದಿ, ತಮ್ಮ ಒಂದು ತುದಿ ಹಿಡಿದರು ಎಂದು ಮೆಗ್ ಹೇಳಿದಳು. ಕಬ್ಬಿಣದ ಕಾಲುಗಳು ನೆಲಕ್ಕೆ ಉಜ್ಜುತ್ತ ತಿರುಗುವುದು ನಮ್ಮ ಪಡಸಾಲೆಯಲ್ಲಿ ಕೇಳಿಸಿತು.